ದಸರಾ ರಜೆಗೆ ಊರಿಗೆ ಹೋಗುವಾಗ ಮನೆಗೆ ಕಳ್ಳರು ನುಗ್ಗದಂತೆ ಏನು ಮಾಡಬೇಕು?

ಮನೆಯಲ್ಲಿ ಯಾರೂ ಇಲ್ಲ ಅಂತ ಹೊರಗೆ ಗೊತ್ತಾಗಬಾರದು, ಅದೇ ಮುಖ್ಯ. ಬಾಗಿಲ ಮುಂದೆ ಮೂರು ದಿನದ ಹಳೇ ರಂಗೋಲಿ, ಗೇಟಿನ ಸಂದಿಯಲ್ಲಿ ನಾಲ್ಕು ಪೇಪರ್, ಗ್ರಿಲ್ಲಿಗೆ ನೇತುಹಾಕಿದ ಚೀಲದಲ್ಲಿ ಒಡೆದ ಹಾಲಿನ ಪ್ಯಾಕೆಟ್. ಕಳ್ಳರಿಗೆ ಇಷ್ಟು ಸಾಕು. ಹಾಲು, ಪೇಪರ್ ನಿಲ್ಲಿಸಿ. ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಡಲು, ಸಂಜೆ ಹೊರಗಿನ ಲೈಟ್ ಹಾಕಲು ಪಕ್ಕದ ಮನೆಯವರಿಗೆ ಹೇಳಿ. ಹಗಲಲ್ಲೂ ಲೈಟ್ ಉರೀತಾ ಇದ್ದರೆ ಅನುಮಾನ ಜಾಸ್ತಿ, ಅಲ್ವಾ? ಕೀಲಿಯನ್ನು ಹೂಕುಂಡದ ಕೆಳಗೆ, ಚಪ್ಪಲಿ ಗೂಡಿನಲ್ಲಿ ಇಡಲೇಬೇಡಿ. ಒಡವೆ ಬ್ಯಾಂಕ್ ಲಾಕರಿಗೆ ಹೋಗಲಿ. ಹತ್ತಿರದ ಪೊಲೀಸ್ ಠಾಣೆಗೂ ಹೋಗುವ, ಬರುವ ದಿನ ತಿಳಿಸಿ. ಬೀಟ್ ಪೊಲೀಸರು ಆ ಕಡೆ ಕಣ್ಣಿಡಲು ಅನುಕೂಲ. ಏನಾದರೂ ಸದ್ದು ಕೇಳಿದರೆ 112ಕ್ಕೆ ಫೋನ್ ಮಾಡಲು ಪಕ್ಕದವರಿಗೆ ಹೇಳಿರಿ. ಪ್ರವಾಸದ ಫೋಟೋಗಳನ್ನು ವಾಪಸ್ ಬಂದ ಮೇಲೆ ಸ್ಟೇಟಸ್‌ಗೆ ಹಾಕಿ.