ಕ್ಷಮೆ ಸಿಕ್ಕ ಮೇಲೂ ಬಾಕಿ ಉಳಿಯುತ್ತದೆಯೇ?

ಪ್ರಶ್ನೆ: ಕ್ರಿಸ್ತನನ್ನು ನಂಬುವ ಮುಂಚೆ ನಾನು ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಹಮಾಲಿ ಖರ್ಚನ್ನು ಹೆಚ್ಚು ಬರೆದು ಮಿಕ್ಕದ್ದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ದೀಕ್ಷಾಸ್ನಾನದ ಸಮಯದಲ್ಲಿ ಇದನ್ನು ದೇವರ ಮುಂದೆ ಅರಿಕೆ ಮಾಡಿದ್ದೇನೆ. ಶಿಲುಬೆಯಲ್ಲಿ ಎಲ್ಲವೂ ತೀರಿದೆ, ಹಳೆಯದನ್ನು ಕೆದಕಬೇಡ ಎಂದು ಸಭೆಯ ಹಿರಿಯರೊಬ್ಬರು ಹೇಳುತ್ತಾರೆ. ಹಣ ಹಿಂದಿರುಗಿಸಲೇಬೇಕು ಎಂದು ಹೆಂಡತಿ ಹೇಳುತ್ತಾಳೆ. ಯಜಮಾನರು ತೀರಿಹೋಗಿ, ಅವರ ಮಕ್ಕಳು ಅಂಗಡಿ ನಡೆಸುತ್ತಿದ್ದಾರೆ. ಇದಲ್ಲದೆ, ಈಗಲೂ ನನ್ನ ಬಾಯಿಂದ ಸುಳ್ಳು ಬಂದುಬಿಡುತ್ತದೆ. ಹಾಗಾದರೆ ನನ್ನ ನಂಬಿಕೆಯೇ ಸುಳ್ಳೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಹಿರಿಯರ ಮಾತಿನ ಮೊದಲರ್ಧ ಸರಿ. ರಕ್ಷಣೆಯು ನಂಬಿಕೆಯ ಮೂಲಕ ಕೃಪೆಯಿಂದ ಬರುವ ದೇವರ ವರವೇ ಹೊರತು ಯಾರೂ ಹೊಗಳಿಕೊಳ್ಳುವಂತೆ ಕ್ರಿಯೆಗಳಿಂದ ಸಂಪಾದಿಸಿದ್ದಲ್ಲ ಎಂದು ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಹೇಳುತ್ತದೆ. ನೀವು ಕೊಡುವ ಹಣ ರಕ್ಷಣೆಗೆ ಕಟ್ಟುವ ಕಂತಲ್ಲ. ಆದರೆ ಅಲ್ಲಿಂದ ಅವರು ತೆಗೆದ ತೀರ್ಮಾನ ಮಾತ್ರ ತಪ್ಪು. ಕ್ಷಮಿಸಿದವನು ದೇವರು, ಹಣ ಕಳೆದುಕೊಂಡವರು ಬೇರೆಯವರು, ಅವರ ಕೈಗೆ ಇನ್ನೂ ಏನೂ ಬಂದಿಲ್ಲ. ಈ ವಿಷಯದಲ್ಲಿ ನನ್ನ ಮತ ನಿಮ್ಮ ಹೆಂಡತಿಯವರ ಕಡೆಗೆ.

ಸತ್ಯವೇದದ (ಬೈಬಲಿನ) ಅರಣ್ಯಕಾಂಡದ ಐದನೆಯ ಅಧ್ಯಾಯದಲ್ಲಿ ನಿಮ್ಮ ಸಂದರ್ಭಕ್ಕೆ ಬಹಳ ಹತ್ತಿರವಾದ ವಿಧಿಯಿದೆ. ತಪ್ಪು ಮಾಡಿದವನು ಅದನ್ನು ಅರಿಕೆ ಮಾಡಿ, ಮೂಲ ಮೊತ್ತಕ್ಕೆ ಐದನೆಯ ಒಂದು ಪಾಲು ಕೂಡಿಸಿ, ನಷ್ಟಪಟ್ಟವನಿಗೆ ಕೊಡಬೇಕು. ತೆಗೆದುಕೊಳ್ಳಲು ಹತ್ತಿರದ ಬಂಧುವೂ ಇಲ್ಲದಿದ್ದರೆ ಅದು ಕರ್ತನದಾಗಿ ಯಾಜಕನಿಗೆ ಸೇರಬೇಕು. ಕೊಡಬೇಕಾದವನು ಸತ್ತುಹೋದನೆಂದು ಹಣ ಮರಳಿ ಕದ್ದವನ ಕೈಗೇ ಬರುವ ದಾರಿಯನ್ನು ಅಲ್ಲಿ ಮುಚ್ಚಲಾಗಿದೆ. ನಿಮ್ಮ ಯಜಮಾನರಿಗಂತೂ ಮಕ್ಕಳಿದ್ದಾರೆ.

ನಿಮ್ಮ ಪತ್ರದಲ್ಲಿ ಬಾರದ ಒಂದು ಸಂಗತಿಯನ್ನು ಕೇಳಬೇಕಾಗಿದೆ. ಆ ಹಮಾಲಿಯನ್ನು ಅಂಗಡಿಯ ಲೆಕ್ಕಕ್ಕೆ ಬರೆಯುತ್ತಿದ್ದಿರೋ ಅಥವಾ ರೈತರ ಪಟ್ಟಿಯಲ್ಲಿ ಮುರಿದುಕೊಳ್ಳುತ್ತಿದ್ದಿರೋ? ಪಟ್ಟಿಯಲ್ಲಿ ಮುರಿದಿದ್ದರೆ ನಷ್ಟ ಯಜಮಾನರದಲ್ಲ, ಮೆಣಸಿನಕಾಯಿಯನ್ನೋ ಜೋಳವನ್ನೋ ಚೀಲಕ್ಕೆ ತುಂಬಿಕೊಂಡು ಬಂದು, ನೀವು ಬರೆದುಕೊಟ್ಟ ಚೀಟಿಯನ್ನು ನಂಬಿ ಹೋದವರದು. ಅವರಲ್ಲಿ ಗುರುತು ಸಿಗುವವರಿಗೆ ನೇರವಾಗಿ ಕೊಡಿ. ಸಿಗದವರ ಪಾಲು ನಿಮ್ಮಲ್ಲಿ ಉಳಿಯದಂತೆ, ಕಷ್ಟದಲ್ಲಿರುವ ರೈತ ಕುಟುಂಬಗಳಿಗೆ ಸಲ್ಲಲಿ. ಮೊತ್ತ ನೆನಪಿಲ್ಲದಿದ್ದರೆ ಅಂದಾಜನ್ನು ನಿಮಗೆ ಅನುಕೂಲವಾಗುವಂತೆ ಇಳಿಸಬೇಡಿ. ಒಂದೇ ಸಲ ಆಗದಿದ್ದರೆ ಕಂತಿನಲ್ಲಿ ಕೊಡಬಹುದು. ಮಕ್ಕಳ ಮುಂದೆ ನಿಂತಾಗ ನಡೆದದ್ದನ್ನಷ್ಟೇ ಹೇಳಿ. ಆ ಹೊತ್ತನ್ನು ನಿಮ್ಮ ನಂಬಿಕೆಯ ಸಾಕ್ಷಿ ಹೇಳುವ ಸಭೆಯನ್ನಾಗಿ ಮಾಡಬೇಡಿ. ಅವರು ಸಿಟ್ಟಾಗಬಹುದು, ದೂರು ಕೊಡಲೂಬಹುದು. ನಂಬಿಕೆ ಅದರಿಂದ ರಕ್ಷಿಸುತ್ತದೆ ಎಂಬ ಭರವಸೆಯನ್ನು ಸತ್ಯವೇದ ಎಲ್ಲಿಯೂ ಕೊಟ್ಟಿಲ್ಲ. ಆದ್ದರಿಂದ ಮೊದಲು ನಿಮ್ಮ ಸಭಾಪಾಲಕರೊಂದಿಗೆ ಮಾತನಾಡಿ.

ಲೂಕನ ಸುವಾರ್ತೆಯಲ್ಲಿ ಸುಂಕದವರ ಮುಖ್ಯಸ್ಥನಾದ ಜಕ್ಕಾಯನು ಒಂದು ಕಾಸನ್ನೂ ಹಿಂದಿರುಗಿಸುವ ಮೊದಲೇ ಯೇಸು ಅವನ ಮನೆಯಲ್ಲಿ ಇಳಿದುಕೊಳ್ಳುವೆನೆಂದನು. ನಾಲ್ಕರಷ್ಟು ಕೊಡುತ್ತೇನೆಂಬ ಮಾತು ಬಂದದ್ದು ಆಮೇಲೆ, ಯಾರೂ ಕೇಳದೆ. ತಾನಾಗಿ ಒಪ್ಪಿಕೊಂಡವನಿಗೆ ಐದನೆಯ ಒಂದು ಪಾಲು ಸಾಕಿತ್ತು; ಆದರೆ ಅವನು ಕುರಿ ಕದ್ದು ಕೊಯ್ದವನಿಗೆ ವಿಮೋಚನಕಾಂಡ ಹೇಳುವ ನಾಲ್ಕರಷ್ಟು ದಂಡವನ್ನು ತಾನೇ ಹೊತ್ತುಕೊಂಡನು.

ಇನ್ನು ಈಗಲೂ ಬಾಯಿಗೆ ಬರುವ ಸುಳ್ಳಿನ ಮಾತು. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಅಂತಿಯೋಕ್ಯ ಪಟ್ಟಣದಲ್ಲಿ ಅನ್ಯಜನರೊಂದಿಗೆ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳೊಂದಿಗೆ, ಊಟಮಾಡುತ್ತಿದ್ದ ಯೇಸುವಿನ ಶಿಷ್ಯ ಪೇತ್ರನು, ಅಂಥ ಪಂಕ್ತಿ ಕೂಡದೆನ್ನುವ ಸುನ್ನತಿಯವರಿಗೆ (ಯೆಹೂದ್ಯ ಮೂಲದವರಿಗೆ) ಹೆದರಿ, ಅವರ ಕಡೆಯವರು ಬಂದಾಗ ಪಂಕ್ತಿಯಿಂದ ಹಿಂದೆ ಸರಿದನು. ಅಲ್ಲಿ ಅವನು ಸುಳ್ಳಾಡಿದ ಮಾತು ಒಂದೂ ದಾಖಲಾಗಿಲ್ಲ, ಎದ್ದುಹೋದದ್ದೇ ಸುಳ್ಳಾಯಿತು. ಪೌಲನ ಜೊತೆಗಾರ ಬಾರ್ನಬನಂಥವನೂ ಆ ಕಪಟದ ಸೆಳೆತಕ್ಕೆ ಸಿಕ್ಕಿದನು. ಇದು ನಡೆದದ್ದು ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ದಿನದ ಎಷ್ಟೋ ಕಾಲದ ಮೇಲೆ, ಸಭೆಯ ಸ್ತಂಭವೆನಿಸಿಕೊಂಡವನಿಂದ. ಆ ಪತ್ರ ಬರೆದ ಪೌಲನು ಪೇತ್ರನನ್ನು ಎಲ್ಲರ ಮುಂದೆಯೇ ಖಂಡಿಸಿದನು, ಆದರೆ ನೀನು ವಿಶ್ವಾಸಿಯೇ ಅಲ್ಲ ಎನ್ನಲಿಲ್ಲ. ಮನುಷ್ಯನು ನೀತಿವಂತನೆಂದು ನಿರ್ಣಯಿಸಲ್ಪಡುವುದು ಕ್ರಿಸ್ತನಲ್ಲಿಡುವ ನಂಬಿಕೆಯಿಂದಲೇ ಎಂಬ ಮಾತನ್ನು ಅವನು ಎತ್ತಿದ್ದು ಈ ಜಗಳದ ಪ್ರಸಂಗದಲ್ಲಿಯೇ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ದೇವರು ಈಗಾಗಲೇ ಅಂಗೀಕರಿಸಿದವನಿಗೆ ಜನರ ಮುಂದೆ ಮುಖ ಉಳಿಸಿಕೊಳ್ಳುವ ಅಗತ್ಯವಿಲ್ಲ ಎಂಬುದು ಅದರ ಇಂಗಿತ. ನಿಮ್ಮ ಸುಳ್ಳುಗಳ ಹಿಂದೆ ಯಾರ ಭಯವಿದೆ ಎಂದು ಹುಡುಕಿ, ಆಡಿದ ಸುಳ್ಳನ್ನು ಆ ದಿನವೇ ಹೋಗಿ ತಿದ್ದಿಕೊಳ್ಳಿ. ಹಾಗೆ ತಿದ್ದಿಕೊಳ್ಳಲು ಮನಸ್ಸು ಬರುತ್ತಿರುವವರೆಗೆ ನಂಬಿಕೆ ಸತ್ತಿದೆ ಎಂದು ನಾನು ಹೇಳಲಾರೆ.

ಪ್ರಶ್ನೆ: ನಂಬಿಕೆ ಸಾಕೆಂದು ಪೌಲ, ಕ್ರಿಯೆ ಬೇಕೆಂದು ಯಾಕೋಬ. ನಮ್ಮ ಕಥೋಲಿಕ್ ನೆರೆಯವರೊಂದಿಗೆ ಈ ವಾದ ಮುಗಿಯುವುದೇ ಇಲ್ಲ.
– ಓದುಗರು, ಮಂಗಳೂರು

ಉತ್ತರ: ಹೊಸ ಒಡಂಬಡಿಕೆಯ ತಮ್ಮ ಪತ್ರಗಳಲ್ಲಿ ಇಬ್ಬರೂ ಅಬ್ರಹಾಮನನ್ನೇ ಉದಾಹರಿಸುತ್ತಾರೆ. ಪೌಲನು ಆದಿಕಾಂಡದ 15ನೆಯ ಅಧ್ಯಾಯದಲ್ಲಿ, ಅಬ್ರಹಾಮನು ಬರಿಗೈಯಲ್ಲಿ ವಾಗ್ದಾನವನ್ನು ನಂಬಿದ್ದನ್ನು ತೋರಿಸಿದರೆ, ಯಾಕೋಬನು 22ನೆಯ ಅಧ್ಯಾಯದಲ್ಲಿ ಆ ನಂಬಿಕೆ, ಅವನು ಮಗನನ್ನು ಅರ್ಪಿಸಲು ಹೋದ ಮೋರೀಯದ ಬೆಟ್ಟದ ಮೇಲೆ ಪೂರ್ಣಗೊಂಡದ್ದನ್ನು ತೋರಿಸುತ್ತಾನೆ. ಇನ್ನು ನಿಮ್ಮ ವಾದಕ್ಕೆ ಬಂದರೆ, ರೋಮನ್ ಕಥೋಲಿಕ್ ಸಭೆಯೂ ಲೂಥರನ್ ಲೋಕ ಒಕ್ಕೂಟವೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಇದೇ ವಿಷಯದ ಜಂಟಿ ಘೋಷಣೆಗೆ ಸಹಿ ಹಾಕಿವೆ; ದೇವರು ನಮ್ಮನ್ನು ಅಂಗೀಕರಿಸುವುದು ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಎಂದು ಇಬ್ಬರೂ ಅಲ್ಲಿ ಒಪ್ಪಿದ್ದಾರೆ. ಭಿನ್ನಾಭಿಪ್ರಾಯಗಳೆಲ್ಲ ಅಳಿದಿಲ್ಲ. ಆದರೂ ಮುಂದಿನ ಸಲ ವಾದಕ್ಕೆ ಕೂರುವ ಮುಂಚೆ ಆ ಘೋಷಣೆಯನ್ನು ನೆರೆಯವರೊಂದಿಗೆ ಕೂತು ಓದಿ.