ಮಾಂಟ್ರಿಯಲ್‌ನ 'ಕಾಸಾ ದಿಟಾಲಿಯಾ' ಎಂದರೇನು? ನಗರದಲ್ಲಿ ಅದರ ಪಾತ್ರವೇನು?

ಹೆಸರಿನ ಅರ್ಥ ಇಷ್ಟೇ: ಇಟಲಿಯ ಮನೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಜಾನ್-ತಾಲೋನ್ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಇದೆ. ನಗರಾಡಳಿತ ಜಾಗ ಕೊಟ್ಟಿತು, ವಲಸೆ ಬಂದ ಇಟಾಲಿಯನ್ನರು ಚಂದಾ ಎತ್ತಿದರು. 1936ರಲ್ಲಿ ಕಟ್ಟಡ ಎದ್ದಿತು.

ಸುಮ್ನೆ ಒಂದು ಸಮುದಾಯ ಭವನ ಅಂದುಕೊಳ್ಳಬೇಡಿ. ಆಗ ಇಟಲಿ ಸರ್ವಾಧಿಕಾರಿ ಮುಸೊಲಿನಿಯ ಕೈಯಲ್ಲಿತ್ತು, ಅವನ ಸರ್ಕಾರದ ಕಾನ್ಸುಲೇಟ್ (ರಾಜತಾಂತ್ರಿಕ ಕಚೇರಿ) ಈ ಕೆಲಸದ ಬೆನ್ನಿಗಿತ್ತು. ಹತ್ತಿರದ ಮದೋನ್ನಾ ದೆಲ್ಲಾ ದಿಫೇಸಾ ಚರ್ಚಿನೊಳಗೆ ತಲೆ ಎತ್ತಿ ನೋಡಿದರೆ, ಭಿತ್ತಿಚಿತ್ರದಲ್ಲಿ ಮುಸೊಲಿನಿ ಈಗಲೂ ಕುದುರೆ ಏರಿ ಕೂತಿದ್ದಾನೆ! 1940ರ ಜೂನ್ 10ರಂದು ಇಟಲಿ ಎರಡನೇ ಮಹಾಯುದ್ಧಕ್ಕೆ ಕೆನಡಾದ ಶತ್ರುಪಕ್ಷದಲ್ಲಿ ಇಳಿದದ್ದೇ ತಡ, ಕೆನಡಾದಲ್ಲಿ ಸುಮಾರು 600 ಇಟಾಲಿಯನ್ನರನ್ನು ಹಿಡಿದು ಶಿಬಿರಗಳಿಗೆ ಹಾಕಿದರು. ಆ ಚಿತ್ರ ಬರೆದ ಗ್ವೀದೋ ನಿಂಕೇರಿಯೂ ಅವರಲ್ಲೊಬ್ಬ. ಕಾಸಾವನ್ನೂ ಬಿಡಲಿಲ್ಲ, ಸರ್ಕಾರ ವಶಕ್ಕೆ ತೆಗೆದುಕೊಂಡು ಸೈನ್ಯಕ್ಕೆ ಕೊಟ್ಟಿತು. ಆ ಬಂಧನಕ್ಕೆ ಕೆನಡಾ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2021ರಲ್ಲಿ. ತುಂಬಾ ತಡ ಆಯ್ತು, ಅಲ್ವಾ?

ಯುದ್ಧದ ನಂತರ ಕಟ್ಟಡ ವಾಪಸ್ ಸಿಕ್ಕಿತು. ಆಗ ಇಟಲಿಯಿಂದ ಇನ್ನೂ ಜಾಸ್ತಿ ಜನ ಬರುತ್ತಿದ್ದರು, ಭಾಷೆ ಬಾರದ ಊರಲ್ಲಿ ಅವರಿಗೆ ಇದೇ ಆಸರೆ. ಈಗ ಅಲ್ಲಿ ವಸ್ತುಪ್ರದರ್ಶನ, ಗ್ರಂಥಾಲಯ, ಸಭೆ-ಸಮಾರಂಭ ಎಲ್ಲ ಇವೆ.