ಬೆತ್ತದ ಕುರ್ಚಿ ಪರಿಸರಕ್ಕೆ ಒಳ್ಳೆಯದು ಅನ್ನೋದು ನಿಜವೇ? ಬೆತ್ತವನ್ನು ಹೇಗೆ ಹದ ಮಾಡುತ್ತಾರೆ?

ಅದು ಯಾವ ಬೆತ್ತ ಅನ್ನೋದರ ಮೇಲೆ ನಿಂತಿದೆ. ಬೆತ್ತ ಬಿದಿರಿನ ಹಾಗೆ ಟೊಳ್ಳಲ್ಲ. ಅದು ತೆಂಗು, ಅಡಿಕೆಯ ಕುಟುಂಬಕ್ಕೆ ಸೇರಿದ ಮುಳ್ಳುಬಳ್ಳಿ. ಮರ ಹಿಡಿದು ಮೇಲೇರುತ್ತದೆ, ಹಾಗಾಗಿ ಕಾಡಿನ ಬೆತ್ತ ಬೇಕೆಂದರೆ ಮರಗಳನ್ನು ಉಳಿಸಲೇಬೇಕು. ನನಗೆ ಇದೇ ಇದರ ದೊಡ್ಡ ಗುಣ.

ಮೆಳೆಯಾಗಿ ಬೆಳೆಯುವ ಜಾತಿಗಳಲ್ಲಿ ಬಲಿತ ದಂಟನ್ನಷ್ಟೇ ಕಡಿದರೆ ಬುಡದಿಂದ ಮತ್ತೆ ಚಿಗುರು ಬರುತ್ತದೆ. ಆದರೆ ಇಂಡೋನೇಷ್ಯಾ, ಮಲೇಷ್ಯಾದ ‘ಮನೌ’ ಒಂಟಿ ಬಳ್ಳಿ, ಕಡಿದರೆ ಕಥೆ ಮುಗೀತು. ಕುರ್ಚಿಯ ಚೌಕಟ್ಟಿಗೆ ಎಲ್ಲರೂ ಕೇಳೋದು ಆ ದಪ್ಪ ಬೆತ್ತವನ್ನೇ!

ಕಡಿದ ಬಳ್ಳಿಯನ್ನು ಎಳೆದು ಕೆಳಗಿಳಿಸಿ ಮುಳ್ಳಿನ ಸಿಪ್ಪೆ ತೆಗೆಯುತ್ತಾರೆ. ಹಸಿಯಾಗಿ ಸುಮ್ನೆ ಬಿಟ್ಟರೆ ಬೂಷ್ಟು ಹಿಡಿದು ಕಲೆಯಾಗುತ್ತದೆ, ಹುಳುವೂ ಕೊರೆಯುತ್ತದೆ. ಅದಕ್ಕೇ ದಪ್ಪ ಬೆತ್ತವನ್ನು ಬೇಗನೆ ಡೀಸೆಲ್ ಅಥವಾ ಸೀಮೆಎಣ್ಣೆ ಬೆರೆಸಿದ ಎಣ್ಣೆಯಲ್ಲಿ ಕುದಿಸಿ, ಉಜ್ಜಿ, ಬಿಸಿಲಿಗೆ ಒಣಗಿಸುತ್ತಾರೆ. ‘ಹಸಿರು’ ಪೀಠೋಪಕರಣದ ಹಿಂದೆ ಡೀಸೆಲ್ಲೂ ಇದೆ, ವಿಚಿತ್ರ ಅಲ್ವಾ? ಸಣ್ಣ ಬೆತ್ತಕ್ಕೆ ಗಂಧಕದ ಹೊಗೆ ಹಾಕುವುದೂ ಉಂಟು. ಆಮೇಲೆ ಹೊರಪದರ ಸೀಳಿ ಕುರ್ಚಿ ಹೆಣೆಯಲು ಬಳಸುತ್ತಾರೆ. ದಪ್ಪ ದಂಟನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸುತ್ತಾರೆ.

ಕೊಳ್ಳುವಾಗ ಒಂದು ಎಚ್ಚರ: ‘ಸಿಂಥೆಟಿಕ್ ರಾಟನ್’ (ಕೃತಕ ಬೆತ್ತ) ಅಂದರೆ ಬರೀ ಪ್ಲಾಸ್ಟಿಕ್.